ಚಿಗವ್ವನ ಬೆನ್ನಿಗೆ ಆಧಾರ ಕೇಳಿದವರು

ನನ್ನ ಹೆಸರು ಶಾಂತಾ. ಹೆಸರಿಟ್ಟ ಅಜ್ಜಿಗೆ ಮುಂದಿನದು ಗೊತ್ತಿರಲಿಲ್ಲ, ಅವಳನ್ನು ದೂರುವುದಿಲ್ಲ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಈಚೆಗೆ ನಿವೃತ್ತಳಾದೆ. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ. ತಪ್ಪು ಕಂಡರೆ ತಿದ್ದಲೇಬೇಕು. ಲಗ್ನಪತ್ರಿಕೆ ಕೊಡಲು ಬಂದವರ ಎದುರಿಗೇ ಪೆನ್ನು ತೆಗೆದು 'ಆಶಿರ್ವಾದ'ಕ್ಕೆ ದೀರ್ಘ ಹಾಕುತ್ತೇನೆ. ನಮ್ಮ ಮನೆಯವರು ಚಹಾ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಹೋಟೆಲ್ಲಿನ ಹಲಗೆಯ ಮೇಲೆ 'ಉಪಹಾರ' ಎಂದಿತ್ತು. ಅದು 'ಉಪಾಹಾರ' ಆಗಬೇಕು ಎಂದು ಮಾಲೀಕರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಉದ್ದ ಮಾಡಿದ್ರ ಇಡ್ಲಿ ದಪ್ಪ ಆಕ್ಕಾವೇನ್ರಿ ಟೀಚರ್ರ?" ಎಂದರು. ನಾನು ಎದ್ದು ಬಂದೆ. ಇಡ್ಲಿಯನ್ನೂ ಬಿಟ್ಟು ಬಂದೆ. ಅದರಿಂದ ನಷ್ಟ ಯಾರಿಗಾಯಿತು ಎಂದು ಮನೆಯವರು ಇವತ್ತಿಗೂ ಕೇಳುತ್ತಾರೆ.

ಇಂಥವಳ ಕೈಗೆ ಆನ್‌ಲೈನ್ ವಿಶ್ವಕೋಶ ಸಿಕ್ಕರೆ ಏನಾಗಬೇಕು? ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬ ಜಾಗ ಅದು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಅಂಗಳ ಗುಡಿಸಿ, ಸ್ನಾನ ಮಾಡಿ, ಲ್ಯಾಪ್‌ಟಾಪ್ ಮುಂದೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಕೂಡ್ಲಿಗಿಯ ಪುಟದಲ್ಲಿ ಕಾಗುಣಿತ ತಿದ್ದಿದೆ. ಹಡಗಲಿಯ ಮಲ್ಲಿಗೆಯನ್ನು ಯಾರೋ 'ಮಲ್ಲಗೆ' ಮಾಡಿದ್ದರು, ಅದನ್ನು ಅರಳಿಸಿದೆ. ಬಾಗಳಿಯ ಪುಟ ನೋಡೋಣವೆಂದು ಹೋದೆ. ಬಾಗಳಿ ನನ್ನ ತಾಯಿಯ ತವರು. ಅಲ್ಲಿ ಕಲ್ಲೇಶ್ವರ ಗುಡಿಯ ವರ್ಣನೆಯ ಕೆಳಗೆ, ಇಲ್ಲಿ ಒಂದು ಚಲನಚಿತ್ರದ ಚಿತ್ರೀಕರಣ ನಡೆದಿತ್ತು ಎಂಬ ಸಾಲು ಕಂಡಿತು. ಅದನ್ನು ಒತ್ತಿದೆ. ಒತ್ತಬಾರದಿತ್ತು.

ಚಿತ್ರದ ಹೆಸರು 'ಕಂಬಳಿಯೊಳಗಿನ ಕೆಂಡ'. ನೀವು ನೋಡಿರುವುದಿಲ್ಲ. ನಿಮ್ಮ ತಪ್ಪಲ್ಲ, ಅದನ್ನು ನೋಡಿದವರೇ ಕಡಿಮೆ. ನೋಡಿದವರಲ್ಲಿ ಕೊನೆಯವರೆಗೆ ಕೂತವರು ಇನ್ನೂ ಕಡಿಮೆ. ಪುಟದಲ್ಲಿ ನಾಲ್ಕಾರು ಸಾಲುಗಳಿದ್ದವು. ಒಂದು ಸಾಲು ಹೀಗಿತ್ತು: 'ನಾಯಕಿಯು ಸುಡುಬಿಸಿಲಿನಲ್ಲಿ, ಯಾವುದೇ ಬದಲಿ ಕಲಾವಿದೆಯ ನೆರವಿಲ್ಲದೆ, ಕುರಿಮರಿಯನ್ನು ಎತ್ತಿಕೊಂಡು ಹೊಲದಲ್ಲಿ ಓಡುವ ದೃಶ್ಯ ಪ್ರೇಕ್ಷಕರ ಅಪಾರ ಮೆಚ್ಚುಗೆ ಗಳಿಸಿತು.'

ನನ್ನ ಕಿವಿ ಬಿಸಿಯಾದವು. ಆ ಹೊಲದಲ್ಲಿ ಓಡಿದವಳು ನಮ್ಮ ಚಿಗವ್ವ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ನಾಗವ್ವ. ಅಜ್ಜನ ಮನೆಯಲ್ಲಿ ಆಗ ದೊಡ್ಡ ಕುರಿಹಿಂಡು ಇತ್ತು. ನಾನು ಮೂರನೇ ಇಯತ್ತೆ ಮುಗಿಸಿ ಬೇಸಿಗೆ ರಜೆಗೆ ಬಾಗಳಿಗೆ ಹೋಗಿದ್ದೆ. ಕುರಿಮರಿಗಳ ವಾಸನೆ, ಹೊಸ ಕಂಬಳಿ ಚುಚ್ಚುವ ಚುಚ್ಚು, ಚಿಗವ್ವ ತಲೆ ಹಿಕ್ಕುವಾಗ ಕೂದಲು ಎಳೆಯುವ ನೋವು, ಇವೆಲ್ಲ ಸೇರಿ ನನಗೆ ರಜೆ ಅಂದರೆ ಅದೇ. ಚಿಗವ್ವನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಹೊಳಲು ಎಂಬ ಊರಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಆ ಹುಡುಗನ ಹೆಸರು ಹೇಳಿ ನಾವು ಮಕ್ಕಳು ಕಾಡಿಸಿದರೆ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದಳು, ಮೆತ್ತಗೆ.

ಸಿನಿಮಾದವರು ವ್ಯಾನುಗಳಲ್ಲಿ ಬಂದು ಗುಡಿಯ ಹತ್ತಿರ ಇಳಿದರು. ಟೋಪಿ ಹಾಕಿದ ಒಬ್ಬ ನಿರ್ದೇಶಕ, ಬಣ್ಣದ ಛತ್ರಿ ಹಿಡಿದ ನಾಯಕಿ. ಕುರಿ ಬೇಕೆಂದು ಅಜ್ಜನ ಹತ್ತಿರ ಬಂದವರು ತಮ್ಮ ಮಡಿಚುವ ಕುರ್ಚಿಯೊಂದನ್ನು ಬಿಚ್ಚಿ, "ಕೂತ್ಕೊಳ್ಳಿ ಹಿರಿಯರೇ" ಎಂದರು. ಅಜ್ಜ ಕುರ್ಚಿಯ ಮೇಲೆ ಕೂತು ಹಿಂಡನ್ನೆಲ್ಲ ಒಪ್ಪಿಸಿಬಿಟ್ಟ. ಚಿತ್ರೀಕರಣ ಮುಗಿಯುವವರೆಗೂ ಆ ಕುರ್ಚಿ ಬಿಟ್ಟು ಏಳಲಿಲ್ಲ. ಉಣ್ಣುವುದಕ್ಕೂ ಏಳಲಿಲ್ಲ, ಅಜ್ಜಿ ಅಲ್ಲಿಗೇ ಬುತ್ತಿ ತಂದುಕೊಡಬೇಕಾಯಿತು.

ನಾಯಕಿ ಕೆಟ್ಟವಳಲ್ಲ. ಪಾಪ, ನಮ್ಮ ಕಡೆಯ ಬಿಸಿಲು ಕಂಡವಳಲ್ಲ. ಕುರಿಮರಿ ಎತ್ತಿಕೊಂಡು ಓಡು ಎಂದರೆ ಜೋಳ ಕೊಯ್ದ ಹೊಲದಲ್ಲಿ ಉಳಿದ ಕೂಳೆಗಳ ಮೇಲೆ ಅವಳು ನಾಲ್ಕು ಹೆಜ್ಜೆ ಇಡಲಾರಳು. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ ಬಿದ್ದಳು. ಅಜ್ಜಿ ಅವಳನ್ನು ಬೇವಿನ ಮರದ ಕೆಳಗೆ ಮಲಗಿಸಿ ಮಜ್ಜಿಗೆ ಕುಡಿಸಿದಳು. ಅಷ್ಟರಲ್ಲಿ ಜನರೇಟರಿನ ಸದ್ದಿಗೆ ಬೆದರಿದ ಮರಿಯೊಂದು ಹೊಲದ ಆಚೆ ಓಟ ಕಿತ್ತಿತು. ಚಿಗವ್ವ ಯಾರನ್ನೂ ಕೇಳದೆ ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದಳು. ಹಿಡಿದು, ಎತ್ತಿ, ಎದೆಗೆ ಅವುಚಿಕೊಂಡು ಅದೇ ವೇಗದಲ್ಲಿ ತಿರುಗಿ ಬಂದಳು. ಬರಿಗಾಲು. ಟೋಪಿಯವನು ಬಾಯಿ ತೆರೆದು ನಿಂತಿದ್ದ.

ಆಮೇಲೆ ಅವಳಿಗೆ ನಾಯಕಿಯ ನೀಲಿ ಸೀರೆ ಉಡಿಸಿದರು. ಮುಖ ತಿರುಗಿಸಬೇಡ, ಬೆನ್ನು ಮಾತ್ರ ಕಾಣಬೇಕು ಎಂದರು. ಓಡಿಸಿದರು, ಮತ್ತೆ ಓಡಿಸಿದರು, ಹೊತ್ತು ಇಳಿಯುವವರೆಗೆ ಓಡಿಸಿದರು. ಚಿಗವ್ವ ನಗುತ್ತಲೇ ಓಡಿದಳು. ನಾನೂ ಪಕ್ಕದ ಬದುವಿನ ಮೇಲೆ ಓಡಿದೆ, ಬೈಸಿಕೊಂಡೆ. ಸಂಜೆ ಅವಳ ಕಾಲಿನಿಂದ ಕೂಳೆಯ ಸಿಬಿರು ತೆಗೆಯುತ್ತಾ ಅಜ್ಜಿ, "ಇನ್ನ ಹೊಳಲಿನಾರು ನೋಡಿದ್ರ ಏನಂತಾರ" ಎಂದಳು. ಚಿಗವ್ವ, "ಮಾರೀನಾ ಕಾಣಾದಿಲ್ಲಲ್ಲವ್ವ, ಏನು ನೋಡ್ತಾರ?" ಎಂದು ನಕ್ಕಳು.

ಮುಖ ಕಾಣದಿದ್ದರೂ ನೋಡಿದರು.

ಸಿನಿಮಾ ಹರಪನಹಳ್ಳಿಯ ಟಾಕೀಸಿಗೆ ಬಂದಾಗ ಊರಿನ ಗಂಡಸರು ಟ್ರ್ಯಾಕ್ಟರ್ ಕಟ್ಟಿಕೊಂಡು ಹೋದರು. ಹೆಂಗಸರನ್ನು ಕರೆದೊಯ್ಯಲಿಲ್ಲ. ಚಿಗವ್ವನನ್ನಂತೂ ಕೇಳುವ ಮಾತೇ ಇಲ್ಲ. ತಿರುಗಿ ಬಂದವರು ಬಾವಿಕಟ್ಟೆಯ ಹತ್ತಿರ ನಿಂತು, "ನಾಗವ್ವನ ಬೆನ್ನು ಏನ್ ದೊಡ್ಡದು ಕಾಣ್ತಲೇ, ಗ್ವಾಡಿತುಂಬ!" ಎಂದು ನಕ್ಕರು. ಗಾಳಿಗೆ ಸೆರಗು ಜಾರಿತ್ತಂತೆ. ಆ ಸುದ್ದಿ ಚಿಗಟೇರಿ ದಾಟಿ, ಹಡಗಲಿ ದಾಟಿ, ಹೊಳಲಿಗೆ ಸಿನಿಮಾಕ್ಕಿಂತ ಮುಂಚೆ ತಲುಪಿತು. ಹೊಳಲಿನ ಹಿರಿಯರು ಬಂದು ನಡುಮನೆಯಲ್ಲಿ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ. "ಮಂದಿಯೆಲ್ಲಾ ನೋಡಿದ ಬೆನ್ನು ನಮ್ಮ ಮನಿಗೆ ಬ್ಯಾಡ್ರಿ" ಎಂದರು. ಅಜ್ಜ, ಅದು ನಮ್ಮ ಹುಡುಗಿಯಲ್ಲ, ಸಿನಿಮಾದ ಹುಡುಗಿ, ಮುಖ ಎಲ್ಲಿ ಕಾಣುತ್ತದೆ ಹೇಳಿ ಎಂದು ಅಂಗಲಾಚಿದ. ಅವರಲ್ಲೊಬ್ಬ, "ಊರೆಲ್ಲಾ ಗುರ್ತು ಹಿಡದೈತಿ, ನೀವು ಅಲ್ಲ ಅಂದ್ರ ಹೆಂಗ?" ಎಂದ. ಹೋದರು. ಒಳಗೆ ಚಿಗವ್ವ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಬಹಳ ವರ್ಷ ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಹರಪನಹಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದ, ಹೆಂಡತಿ ಸತ್ತ, ವಯಸ್ಸಾದ ಒಬ್ಬರಿಗೆ ಕೊಟ್ಟರು. ಆತ ಒಳ್ಳೆಯ ಮನುಷ್ಯ, ಬೇಗ ಹೋದ. ಖಾನಾವಳಿಯನ್ನು ಚಿಗವ್ವ ಇವತ್ತಿಗೂ ನಡೆಸುತ್ತಾಳೆ. ಹಲಗೆಯ ಮೇಲೆ ಏನೋ ದೇವರ ಹೆಸರಿದೆ. ಆದರೆ ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. 'ಪಿಚ್ಚರ್ ನಾಗವ್ವನ ಖಾನಾವಳಿ' ಎನ್ನಬೇಕು. ಹೇಳುವವರಲ್ಲಿ ಒಬ್ಬರೂ ಆ ಪಿಕ್ಚರ್ ನೋಡಿದವರಲ್ಲ.

ಇಂಥ ಚಿಗವ್ವನ ಓಟವನ್ನು ಮಜ್ಜಿಗೆ ಕುಡಿದು ಮಲಗಿದವಳ ಹೆಸರಿಗೆ ಬರೆದರೆ ನಾನು ಸುಮ್ಮನಿರಬೇಕೇ? ತಕ್ಷಣ ತಿದ್ದಿದೆ. 'ಈ ದೃಶ್ಯದಲ್ಲಿ ಓಡಿದವರು ಬಾಗಳಿಯ ನಾಗವ್ವ' ಎಂದು ಬರೆದು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಬಂದು ನೋಡಿದರೆ ನಾಗವ್ವ ಇಲ್ಲ. ಹಳೆಯ ಸಾಲು ತಿರುಗಿ ಬಂದು ಕೂತಿದೆ. ಕೆಳಗೊಂದು ಟಿಪ್ಪಣಿ: 'ಆಧಾರವಿಲ್ಲದ ಮಾಹಿತಿ ತೆಗೆಯಲಾಗಿದೆ. ವಂದನೆಗಳು. ಹಂಸಕ್ಷೀರ.'

ಹಂಸಕ್ಷೀರ! ಹಾಲು ನೀರು ಬೇರೆ ಮಾಡುವ ಪಕ್ಷಿಯ ಹೆಸರಿಟ್ಟುಕೊಂಡಿರುವ ಈ ಸಂಪಾದಕ ಗಂಡೋ ಹೆಣ್ಣೋ, ಎಲ್ಲಿಯವರೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲವೂ ಒರಟಾಗಿ ಮಾತಾಡಲಿಲ್ಲ. ಅದೇ ನನ್ನ ಸಿಟ್ಟಿಗೆ ತುಪ್ಪ ಸುರಿದದ್ದು. ಬೈದರೆ ಬೈಯಬಹುದು. 'ತಮ್ಮ ಭಾವನೆಗಳನ್ನು ಗೌರವಿಸುತ್ತೇನೆ' ಎನ್ನುವವರನ್ನು ಏನು ಮಾಡಬೇಕು? ನಾನು ಕೇಳಿದೆ: ನಾಯಕಿಯೇ ಓಡಿದಳು ಎನ್ನುವುದಕ್ಕೆ ನಿಮ್ಮ ಹತ್ತಿರ ಏನು ಆಧಾರವಿದೆ? ಹಂಸಕ್ಷೀರ ಹುಡುಕಿ ನೋಡಿ, ಅದಕ್ಕೂ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಆ ಸಾಲನ್ನೂ ತೆಗೆದುಹಾಕಿತು. ಮರುದಿನ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿ ಬಂದಿತ್ತು. 'ಈ ಚಿತ್ರದ ಕುರಿತು ವಿಶ್ವಾಸಾರ್ಹ ಪ್ರಕಟಿತ ಆಧಾರಗಳು ಕಂಡುಬಂದಿಲ್ಲ. ವಿಶ್ವಕೋಶದಲ್ಲಿ ಸ್ಥಾನ ಪಡೆಯುವಷ್ಟು ಗಮನಾರ್ಹತೆ ಇದಕ್ಕಿಲ್ಲ. ಪುಟವನ್ನು ಅಳಿಸಬೇಕೇ, ಉಳಿಸಬೇಕೇ? ಸದಸ್ಯರು ಅಭಿಪ್ರಾಯ ತಿಳಿಸಿ.'

ಗಮನಾರ್ಹತೆ ಇಲ್ಲವಂತೆ! ನಾನು ಲ್ಯಾಪ್‌ಟಾಪಿನ ಮುಚ್ಚಳವನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಮನೆಯವರು ಒಳಗಿನಿಂದ, "ಯಾರ್ ಮ್ಯಾಲ ಸಿಟ್ಟು, ಅದರ ಮ್ಯಾಲ ಯಾಕ?" ಎಂದರು. ಎರಡು ಊರಿನ ನಡುವಿನ ಮಾತು ಮುರಿದ ಸಿನಿಮಾ, ನನ್ನ ಅಜ್ಜನನ್ನು ಅಂಗಲಾಚಿಸಿದ ಸಿನಿಮಾ, ಒಬ್ಬ ಹೆಂಗಸಿನ ಹೆಸರಿನ ಮುಂದೆ ಅಂಟಿ ಅವಳು ಮುದುಕಿಯಾದರೂ ಬಿಡದ ಸಿನಿಮಾ. ಅದಕ್ಕೆ ಗಮನಾರ್ಹತೆ ಇಲ್ಲ ಎನ್ನಲು ನೀನ್ಯಾರು ಎಂದು ಆ ಮುಚ್ಚಿದ ಲ್ಯಾಪ್‌ಟಾಪನ್ನೇ ಕೇಳಿದೆ.

ಸರಿ, ಆಧಾರ ತಾನೇ ಬೇಕು, ತಂದೇ ತೋರಿಸುತ್ತೇನೆ ಎಂದು ಹೊರಟೆ. ಆ ಸಿನಿಮಾದ ಗೋಡೆಪತ್ರಗಳನ್ನು ಅಚ್ಚು ಹಾಕಿದವರು ಕೂಡ್ಲಿಗಿಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಪ್ರೆಸ್ಸು ಮುಚ್ಚಿ ಈಗ ಮೊಬೈಲ್ ರಿಪೇರಿ ಅಂಗಡಿಯಾಗಿದೆ. ಹಳೆಯ ಮಾಲೀಕರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸಿನಿಮಾದ ಹೆಸರು ಹೇಳುತ್ತಲೇ ನೆನಪು ಬಂತು.

"ನಾನಾ ಹಾಕಿದ್ದು ಬಿಡ್ರಿ. ಹಳದಿ ಕಾಗದ, ಕೆಂಪು ಅಕ್ಷರ" ಎಂದರು.

"ಒಂದಾದ್ರೂ ಉಳಿದೈತೇನ್ರಿ?"

"ಎಲ್ಲೀದ್ರಿ? ಮುಂಜಾನಿ ಅಂಟಿಸಿದ್ರ ಮಧ್ಯಾಹ್ನ ಎಮ್ಮಿ ತಿಂತಿದ್ವು. ಮೈದಾ ಅಂಟು ನೋಡ್ರಿ, ರುಚಿ."

ಆ ಸಿಟ್ಟಿನಲ್ಲೂ ನಗು ಬಂತು. ಬಸ್ಸಿನಲ್ಲಿ ತಿರುಗಿ ಬರುವಾಗ ನಗು ಇಳಿದು ಸಿಟ್ಟು ಮತ್ತೆ ಏರಿತು. ನಮ್ಮ ಕಡೆಯ ಎಷ್ಟೋ ಸಂಗತಿಗಳ ಆಧಾರಗಳು ಹೀಗೇ ಯಾವುದಾದರೂ ಎಮ್ಮೆಯ ಹೊಟ್ಟೆಗೆ ಹೋಗಿವೆ. ದೊಡ್ಡ ಊರಿನಲ್ಲಿ ಒಬ್ಬ ಸೀನಿದರೆ ಪತ್ರಿಕೆಯಲ್ಲಿ ಬರುತ್ತದೆ, ಆ ಸೀನಿಗೆ ಆಧಾರ ಸಿಗುತ್ತದೆ. ಇಲ್ಲಿ ಒಬ್ಬಳ ಬದುಕು ಹಾಳಾದರೆ ಅದಕ್ಕೆ ಬಾವಿಕಟ್ಟೆಯ ಜನ ಸಾಕ್ಷಿ, ಬಾವಿಕಟ್ಟೆಯ ಜನರ ಮಾತು ಪ್ರಕಟಿತ ಆಧಾರವಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಸಿನಿಮಾ ಕೆಟ್ಟದ್ದು. ಯಾರೋ ಪುಣ್ಯಾತ್ಮರು ಅದನ್ನು ಇಂಟರ್‌ನೆಟ್ಟಿಗೆ ಏರಿಸಿದ್ದರು. ಒಂದು ಬೆಳಿಗ್ಗೆ ಪಲ್ಯದ ಅವರೆ ಸುಲಿಯುತ್ತಾ ಪೂರ್ತಿ ನೋಡಿದೆ. ನಾಯಕ ಮಾತಾಡಿದ್ದಕ್ಕಿಂತ ಕಿರುಚಿದ್ದು ಹೆಚ್ಚು. ನಮ್ಮ ಅಜ್ಜನ ಕುರಿಗಳು ಅವನಿಗಿಂತ ಚೆನ್ನಾಗಿ ನಟಿಸಿದ್ದವು. ಹಂಸಕ್ಷೀರದ ನಿಯಮವನ್ನೂ ಓದಿದೆ, ಎರಡೆರಡು ಸಲ ಓದಿದೆ. ನಿಯಮದ ಪ್ರಕಾರ ಅದು ಹೇಳಿದ್ದೇ ಸರಿ. ಜೀವನವಿಡೀ ಮಕ್ಕಳಿಗೆ, ಎಲ್ಲಿ ಬರೆದಿದೆ ತೋರಿಸು ಎಂದು ಗದರಿದವಳು ನಾನೇ. ಎದುರಾಳಿಯ ಮಾತು ಸರಿಯಿದ್ದಾಗ ಬರುವ ಸಿಟ್ಟು ಬೇರೆಯೇ ತರಹದ್ದು, ಅದನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಮತ ಹಾಕಲು ಇನ್ನೇನು ಗಡುವು ಮುಗಿಯುವುದರಲ್ಲಿತ್ತು. ಉಳಿಸಿ ಎನ್ನಲೇ? ಚಿಗವ್ವನ ಹೆಸರಿಲ್ಲದ ಪುಟವನ್ನು ಉಳಿಸಿ ಯಾರಿಗೆ ಉಪಕಾರ? ಅಳಿಸಿ ಎನ್ನಲೇ? ಅದು ಹೊಳಲಿನವರು ಅವಳ ಮೇಲೆ ಎಳೆದ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದಂತೆ. ಕೊನೆಗೆ, ಕೇಳಬೇಕಾದವಳನ್ನೇ ಕೇಳೋಣ ಎಂದು ಹರಪನಹಳ್ಳಿಯ ಬಸ್ಸು ಹತ್ತಿದೆ.

ಊಟದ ಗದ್ದಲ ಇಳಿದ ಹೊತ್ತು. ಚಿಗವ್ವ ಗಲ್ಲಾದ ಹತ್ತಿರ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನಾನು ಫೋನು ತೆಗೆದು, "ಚಿಗವ್ವ, ಆ ಸಿನಿಮಾ ನೋಡ್ತಿಯೇನು?" ಎಂದೆ.

"ಯಾವ ಸಿನಿಮಾ?"

"ನಿಂದು."

ಅವಳು ಅದುವರೆಗೆ ಅದನ್ನು ನೋಡಿರಲೇ ಇಲ್ಲ. ಟ್ರ್ಯಾಕ್ಟರಿನಲ್ಲಿ ಹೋದ ಗಂಡಸರು ನೋಡಿದರು, ಹೊಳಲಿನವರು ನೋಡಿದರು ಅಥವಾ ನೋಡಿದವರಿಂದ ಕೇಳಿದರು. ಓಡಿದವಳು ನೋಡಿರಲಿಲ್ಲ. ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಫೋನನ್ನು ಮುಖದ ಹತ್ತಿರ ಹಿಡಿದಳು. ನಾನು ಆ ಭಾಗಕ್ಕೆ ತಂದು ಒತ್ತಿದೆ.

ಬಿಳಿಚಿದ ಆಕಾಶ. ಹೊಲ. ನೀಲಿ ಸೀರೆಯ ಬೆನ್ನೊಂದು ದೂರ ಓಡುತ್ತದೆ. ಗಾಳಿಗೆ ಸೆರಗು ಒಂದಿಷ್ಟು ಹಾರುತ್ತದೆ. ಮುಗಿಯಿತು. ನಾಯಕ ಬಂದು ಕಿರುಚುತ್ತಾನೆ.

ಚಿಗವ್ವ ಪರದೆಯನ್ನೇ ನೋಡುತ್ತಿದ್ದಳು. "ಇನ್ನಾ?" ಎಂದಳು.

"ಅಷ್ಟಾ ಐತಿ ಚಿಗವ್ವ."

"ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಬೆನ್ನು ಓಡಿತು, ಮುಗಿಯಿತು. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. ಅಳುತ್ತಾಳೇನೋ ಎಂದು ನಾನು ಮುಖ ನೋಡಿದರೆ ಅವಳ ಮೂಗಿನ ಹೊಳ್ಳೆಗಳು ಅದುರುತ್ತಿದ್ದವು.

"ಇಷ್ಟಕ್ಕಾ?" ಎಂದಳು. ಆಮೇಲೆ ದನಿ ಏರಿತು. "ಇಷ್ಟಕ್ಕಾ ಅವ್ರು ಎದ್ದು ಹೋಗಿದ್ದು? ನಾ ಇಷ್ಟ್ ದಿನ ಏನೇನು ತಿಳಕಂಡಿದ್ದೆ. ಅದರಾಗ ಏನೋ ಮೈಯೆಲ್ಲಾ ತೋರ್ಸ್ಯಾರ, ನಂಗ ಗೊತ್ತಿಲ್ದಂಗ ಏನೋ ಮಾಡ್ಯಾರ, ಅದಕ ಮಂದಿ ಹಂಗ ಅಂದ್ರು ಅಂತ ತಿಳಕಂಡಿದ್ದೆ. ನಂದಾ ತಪ್ಪು ಅಂತ ತಿಳಕಂಡಿದ್ನಲ್ಲೇ ಶಾಂತಾ! ಕಣ್ಣು ಮುಚ್ಚಿ ತೆರ್ಯಾದ್ರಾಗ ಮುಗೀತು!"

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಇಣುಕಿದರು. ಚಿಗವ್ವ ಅವರಿಗೂ ಬೈದಳು, ನನಗೂ ಬೈದಳು, ಸತ್ತುಹೋದ ಅಜ್ಜನಿಗೂ ಕುರ್ಚಿಯ ಸಮೇತ ಬೈದಳು. ಸಿಟ್ಟಿನಲ್ಲಿ ನಾನೇ ದೊಡ್ಡವಳು ಎಂದುಕೊಂಡಿದ್ದೆ. ಅವಳ ಮುಂದೆ ನನ್ನದು ಲಗ್ನಪತ್ರಿಕೆಯ ಸಿಟ್ಟು.

ಅವಳು ತಣ್ಣಗಾದ ಮೇಲೆ ವಿಶ್ವಕೋಶದ ವಿಷಯ ಹೇಳಿದೆ. ಅಳಿಸುವುದು, ಉಳಿಸುವುದು, ಆಧಾರ, ಗಮನಾರ್ಹತೆ. ಪೂರ್ತಿ ಕೇಳಿ ಅಂದಳು:

"ಅಳಿಸಾದು ಅಷ್ಟು ಸಸಾರ ಐತೇನು? ಹಂಗಿದ್ರ ಅವತ್ತಾ ಅಳಿಸಬೇಕಿತ್ತು, ನನ್ನ ಹಣ್ಯಾಗಿಂದು. ಈಗ್ಯಾಕ? ಇರ್ಲಿ ಅಂತ ಬರಿ. ಓಡಿದಾಕಿ ನಾಗವ್ವ ಅಂತ ಬರಿ. ಬಾಗಳಿ ನಾಗವ್ವ ಅಂತ ಬಿಡಿಸಿ ಬರಿ."

ಅವಳ ಎದುರಿಗೇ ಕೂತು ಬರೆದೆ. 'ಉಳಿಸಿ. ಈ ಚಿತ್ರ ಕೆಟ್ಟದ್ದು, ಒಪ್ಪುತ್ತೇನೆ. ಇದರ ಗೋಡೆಪತ್ರಗಳನ್ನು ಎಮ್ಮೆಗಳು ತಿಂದಿವೆ. ಆದರೆ ಮುಖ ಕಾಣದ ಒಂದು ಬೆನ್ನನ್ನು ನೋಡಿ ಅದು ಯಾರದೆಂದು ನಮ್ಮ ತಾಲ್ಲೂಕುಗಳೆಲ್ಲ ಆಧಾರ ಕೇಳದೆ ನಂಬಿದವು, ಶಿಕ್ಷೆಯನ್ನೂ ಕೊಟ್ಟವು. ಶಿಕ್ಷೆಗೆ ಸಾಕಾದ ಸಾಕ್ಷಿ ಒಂದು ಸಾಲಿನ ಉಲ್ಲೇಖಕ್ಕೆ ಸಾಲದೇ? ಓಡಿದವರು ಬಾಗಳಿಯ ನಾಗವ್ವ. ಅವರು ಈಗ ನನ್ನ ಎದುರಿಗೆ ಕೂತಿದ್ದಾರೆ.'

ಓದಿ ಹೇಳಿದೆ. ಚಿಗವ್ವ, "ಹ್ಞೂಂ, ಕಳ್ಸು" ಎಂದಳು.

ಉತ್ತರ ಬೇಗ ಬಂತು. 'ತಮ್ಮ ನೋವಿಗೆ ಸಹಾನುಭೂತಿಯಿದೆ. ಆದರೆ ವೈಯಕ್ತಿಕ ನೆನಪುಗಳನ್ನು ಆಧಾರವೆಂದು ಪರಿಗಣಿಸಲಾಗದು. ವಂದನೆಗಳು.' ಮಿಕ್ಕ ಸದಸ್ಯರು ಒಬ್ಬರ ಹಿಂದೊಬ್ಬರು 'ಅಳಿಸಿ' ಎಂದರು. ಗಡುವು ಮುಗಿದ ದಿನ ಪುಟ ಹೋಯಿತು. ಬಾಗಳಿಯ ಪುಟದಲ್ಲಿದ್ದ ಆ ಒಂದು ಸಾಲನ್ನೂ ಯಾರೋ ಶುಚಿಯಾಗಿ ಎತ್ತಿಹಾಕಿದರು. ನಾನು ಆ ದಿನದಿಂದ ವಿಶ್ವಕೋಶದಲ್ಲಿ ಒಂದು ಅಲ್ಪವಿರಾಮವನ್ನೂ ತಿದ್ದಿಲ್ಲ. ಮಲ್ಲಿಗೆ ಮತ್ತೆ 'ಮಲ್ಲಗೆ' ಆದರೂ ಆಗಲಿ.

ಈ ಸುದ್ದಿಯನ್ನು ಚಿಗವ್ವನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕೆಲವು ದಿನ ಬಿಟ್ಟು ನಾನೇ ಹೋದೆ. ಊಟದ ಹೊತ್ತು, ಖಾನಾವಳಿ ತುಂಬಿತ್ತು. ಗಲ್ಲಾದ ಹಿಂದಿನ ಗೋಡೆಯ ಮೇಲೆ, ದೇವರ ಕ್ಯಾಲೆಂಡರುಗಳ ಪಕ್ಕದಲ್ಲಿ, ಕಟ್ಟು ಹಾಕಿದ ಹೊಸದೊಂದು ಚಿತ್ರ ತೂಗುತ್ತಿತ್ತು. ಬಿಳಿಚಿದ ಆಕಾಶ, ಹೊಲ, ನೀಲಿ ಸೀರೆಯ ಬೆನ್ನು. ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವರಿಗೆ ಹೇಳಿ ಇಂಟರ್‌ನೆಟ್ಟಿನಿಂದ ಇಳಿಸಿ ದೊಡ್ಡದು ಮಾಡಿಸಿದ್ದಳು. ದೊಡ್ಡದು ಮಾಡಿದ್ದಕ್ಕೆ ಇನ್ನಷ್ಟು ಮಸುಕಾಗಿತ್ತು.

ಪುಟ ತೆಗೆದುಬಿಟ್ಟರು ಎಂದೆ. "ತಗೀಲಿ" ಎಂದಳು, ಎಣಗಾಯಿ ಪಲ್ಯದ ಪಾತ್ರೆ ಎತ್ತಿಕೊಂಡು.

ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಗಿರಾಕಿ, ಊರಿಗೆ ಹೊಸಬನಿರಬೇಕು, ಗೋಡೆಯ ಕಡೆ ಕತ್ತು ಚಾಚಿ, "ಇದ್ಯಾರಬೇ ಅಮ್ಮ, ಫೋಟೋದಾಗ?" ಎಂದು ಕೇಳಿದ.

"ನಾನಾ" ಎಂದಳು ಚಿಗವ್ವ.

ಅವನು ಚಿತ್ರ ನೋಡಿದ, ಅವಳನ್ನು ನೋಡಿದ, ಮತ್ತೆ ಚಿತ್ರ ನೋಡಿದ. "ಮಾರೀನಾ ಕಾಣವಲ್ದು. ನೀವಾ ಅಂತ ಹೆಂಗ ನಂಬಾದು?"

ಚಿಗವ್ವ ಅವನ ತಟ್ಟೆಗೆ ಪಲ್ಯವನ್ನು ಸೌಟಿನಿಂದ ಸದ್ದಾಗುವಂತೆ ಬಡಿದಳು.

"ನಂಬಬ್ಯಾಡ. ಉಣ್ಣು."